ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ

ನಮ್ಮೂರಿನಲ್ಲಿ ಯಾರೂ ಗಿಳಿ ಸಾಕುವುದಿಲ್ಲ. ಪಕ್ಷಿಗಳ ಮೇಲೆ ನಮಗೇನೂ ಹಗೆಯಿಲ್ಲ, ಕೋಳಿ ಪಾರಿವಾಳಗಳು ಕಾಲಿಗೆ ತೊಡರುವಷ್ಟಿವೆ. ಆದರೆ ಇಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಅದರ ರಾಗ, ಎಳೆತ, ನಡುವಿನ ಕೆಮ್ಮು ಸಮೇತ ಎತ್ತಿ ಆಡಿದರೆ ಆ ಮಾತು ಮೊದಲಿನವರ ಬಾಯಿಂದ ಹೊರಟುಹೋಗುತ್ತದೆ. ಬರೀ ಪದಗಳಿಗೆ ಈ ತೊಂದರೆಯಿಲ್ಲ. “ಊಟ ಆಯ್ತಾ” ಎಂದು ಊರೆಲ್ಲ ಒಟ್ಟಿಗೆ ಕೇಳಬಹುದು, ಕೇಳುತ್ತಾರೆ ಕೂಡ. ದನಿಯ ಸಮೇತ ಹೋದಾಗ ಮಾತ್ರ ಕಷ್ಟ. ಹೋದ ಮಾತಿಗಾಗಿ ಬಾಯಿ ತೆರೆದರೆ ಬರೀ ಗಾಳಿ ಬರುತ್ತದೆ, ಜೇಬಿಗೆ ಕೈ ಹಾಕಿದವನಿಗೆ ತೂತು ಸಿಕ್ಕ ಹಾಗೆ.

ಹಾಗೆಂದು ನಾವು ಮಾತಿನಲ್ಲಿ ಜಿಪುಣರಲ್ಲ. ಹೆಪ್ಪಿಗೆ ಮಜ್ಜಿಗೆ ತಂದಷ್ಟೇ ಸಲೀಸಾಗಿ ಪಕ್ಕದ ಮನೆಯಿಂದ ಮಾತು ಕೇಳಿ ತರುತ್ತೇವೆ. ಮದುವೆ ಮನೆಯವರು, ಬಡಿಸುವುದರಲ್ಲಿ ಹೆಸರಾದ ಅಜ್ಜಿಯ ಬಳಿ ಹೋಗಿ, “ಅಜ್ಜೀ, ನಿಮ್ಮ ‘ಇನ್ನೊಂದ್ ಚೂರು, ನನ್ನಾಣೆ’ ಅನ್ನೋದನ್ನ ಬೀಗರೂಟ ಮುಗಿಯೋವರ್ಗೂ ಕೊಟ್ಟಿರ್ತೀರಾ?” ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಎದುರು ನಿಂತು ಒಮ್ಮೆ ಆಡಿದರೆ ಮಾತು ಮರಳಿ ಮನೆ ಸೇರುತ್ತದೆ. ಬರಿಗೈಲಿ ಎಷ್ಟು ಸಲ ಆಡಿದರೂ ಹಿಂದಿರುಗುವುದಿಲ್ಲ, ಜೊತೆಗೊಂದು ಅಚ್ಚು ಬೆಲ್ಲ ಕೊಡಬೇಕು. ಹಿಂದೊಮ್ಮೆ ಮಿಮಿಕ್ರಿಯವನೊಬ್ಬ ಬಂದು ಪ್ರದರ್ಶನ ಕೊಟ್ಟಾಗ ಮುಂದಿನ ಸಾಲಿನ ಗಣ್ಯರೆಲ್ಲ ಅರ್ಧಂಬರ್ಧ ಮೂಕರಾದರು. ಮರುದಿನ ಅವನನ್ನು ಬಸ್ಸಿನಿಂದ ಇಳಿಸಿ, ಬೆಲ್ಲದ ಬುಟ್ಟಿ ಹೊರಿಸಿ, ಮನೆಮನೆಗೆ ಕರೆದೊಯ್ದರು.

ನಾನು ಈ ಊರಿನ ವಾಚನಾಲಯ ನೋಡಿಕೊಳ್ಳುವವನು, ನಂಜುಂಡಾರಾಧ್ಯ. ನಿಜವಾದ ಕಸುಬು ಬಾಯಿಯದು. ಸ್ವಾಗತ, ವಂದನಾರ್ಪಣೆ, ಅತಿಥಿ ಪರಿಚಯ, ಶ್ರದ್ಧಾಂಜಲಿ, ಯಾವುದೇ ಸಭೆಯಿರಲಿ, ಮೈಕು ಕೊನೆಗೆ ನನ್ನ ಕೈಗೇ ಬರುತ್ತದೆ. ಬರದಿದ್ದರೆ ನಾನೇ ಹೋಗಿ ತೆಗೆದುಕೊಳ್ಳುತ್ತೇನೆ. ಊರವರು ನನ್ನನ್ನು ಆರಾಧ್ಯರೇ ಎನ್ನುತ್ತಾರೆ, ಬೆನ್ನ ಹಿಂದೆ ಮೈಕಾರಾಧ್ಯ ಎನ್ನುತ್ತಾರೆ. ನನ್ನ ಕಿವಿ ಚುರುಕು. ಇಷ್ಟು ಓದಿ, ಇಷ್ಟು ತಿದ್ದಿ ತೀಡಿದ ವಾಕ್ಯಗಳನ್ನು ಜನ ಸಾಲುಗಟ್ಟಿ ಎರವಲು ಕೇಳುತ್ತಾರೆ ಎಂದು ನಾನು ನಂಬಿದ್ದೆ. ಕೇಳಿದವನು ಒಬ್ಬನೇ, ಹಾಲು ಮಾರುವ ತಿಮ್ಮೇಗೌಡ. ಒದೆಯುವ ಎಮ್ಮೆಯ ಮುಂದೆ ಆಡಲು ನನ್ನ “ಸಭಿಕರು ದಯವಿಟ್ಟು ಶಾಂತಚಿತ್ತರಾಗಿರಬೇಕು” ಒಯ್ದ. ಅದೇ ಸಂಜೆ ಹಿಂದಿರುಗಿಸಿದ. ಬೆಲ್ಲವೂ ಸಣ್ಣದಿತ್ತು.

ಇನ್ನು ಅನಸೂಯಳ ವಿಷಯ. ನಮ್ಮ ಹಿಟ್ಟಿನ ಗಿರಣಿಯ ಹಾಲಮ್ಮನ ಮಗಳು. ಬೇರೆ ಮಕ್ಕಳು ಅಮ್ಮ, ಅತ್ತೆ ಎಂದು ತೊದಲುವ ವಯಸ್ಸಿನಲ್ಲಿ ಅವಳು ತುಟಿ ಬಿಚ್ಚಲಿಲ್ಲ. ಮೂಗಿಯಿರಬೇಕು ಎಂದು ಊರು ತೀರ್ಮಾನಿಸಿತ್ತು. ಒಂದು ದಿನ ಕ್ಷೌರಿಕ ಅಂಜನಪ್ಪ ಅವಳ ಕೂದಲು ಕತ್ತರಿಸುತ್ತ, ತನ್ನ ಗಡಸು ದನಿಯಲ್ಲಿ “ಅಲ್ಲಾಡ್ಬೇಡ, ಕಿವಿ ಹೋದಾತು!” ಎಂದ. ಹುಡುಗಿ ಬೆದರಿ ಕಲ್ಲಾದಳು. ಆಮೇಲೆ ಮನೆಗೆ ಹೋದವಳು ಅದೇ ಗಡಸು ದನಿಯಲ್ಲಿ “ಅಲ್ಲಾಡ್ಬೇಡ, ಕಿವಿ ಹೋದಾತು!” ಎಂದು ಪೂರ್ತಿ ವಾಕ್ಯವನ್ನೇ ಆಡಿದಳು. ಹಾಲಮ್ಮ ಸಂತೋಷದಿಂದ ಬೀದಿಗೆ ಓಡಿ ಬಂದಳು. ಅತ್ತ ಅಂಗಡಿಯಲ್ಲಿ ಅಂಜನಪ್ಪ ಮುಂದಿನ ಗಿರಾಕಿಯ ತಲೆ ಹಿಡಿದು ಬಾಯಿ ತೆರೆದು ನಿಂತಿದ್ದ, ಮಾತು ಬಂದಿರಲಿಲ್ಲ. ಅವತ್ತಿನಿಂದ ಅವನು “ತಲೆ ನೆಟ್ಟಗಿರ್ಲಿ” ಎಂದು ಬೇಡಿಕೊಳ್ಳುತ್ತಾನೆ. ಆ ಮಾತಿಗೆ ಯಾರೂ ಹೆದರುವುದಿಲ್ಲ. ನಮ್ಮೂರಿನ ಗಂಡಸರ ಕಿವಿಯ ಮೇಲೆ ಅಲ್ಲಲ್ಲಿ ಗೆರೆಗಳಿರುವುದು ಹೀಗೆ.

ಆಮೇಲೆ ಕಂಡಕ್ಟರ್ ರಸೂಲ್ ಸಾಬರ “ಒಳಗೆ ಜಾಗ ಐತೆ, ನಡೀರಿ ನಡೀರಿ” ಹೋಯಿತು. ಹಾಲಮ್ಮನ ಪಕ್ಕದ ಮನೆಯ ಗೌರಕ್ಕನ “ನಿಮ್ಮನೆ ನೀರು ನಮ್ಮನೆ ಮುಂದೆ ಯಾಕ್ರೀ ಹರೀಬೇಕು?” ಹೋಯಿತು. ಅದು ಗೌರಕ್ಕ ಯಾವ ಜಗಳಕ್ಕೂ ಪೀಠಿಕೆಯಾಗಿ ಬಳಸುತ್ತಿದ್ದ ಮಾತು. ಅದಿಲ್ಲದೆ ಎಲ್ಲಿಂದ ಶುರು ಮಾಡಬೇಕೆಂದು ತೋಚದೆ ಆ ಬೀದಿಯಲ್ಲಿ ಶಾಂತಿ ನೆಲೆಸಿತು. ಹಾಲಮ್ಮನದೂ ಒಂದು ಹೋಯಿತು. ಗಿರಣಿಯ ಸದ್ದಿನ ನಡುವೆ ಮಗಳಿಗೆ ಕೂಗಿ ಹೇಳುತ್ತಿದ್ದ “ಬಂದೆ ಇರವ್ವಾ, ಬಂದೆ.” ಅದು ಹೋದ ಮೇಲೆ ಅವಳು ಬಂದೆ ಎನ್ನದೆ, ಬಂದೇಬಿಡುತ್ತಿದ್ದಳು.

ಅನಸೂಯ ಕೇಳಿ ತೆಗೆದುಕೊಂಡವಳಲ್ಲ, ಹಿಂದಿರುಗಿಸಿದವಳೂ ಅಲ್ಲ. ಅವಳ ಬಾಯಲ್ಲಿ ಇದ್ದದ್ದೆಲ್ಲ ಹೀಗೆ ಬಂದ ಇಡೀ ಇಡೀ ವಾಕ್ಯಗಳೇ. ಹಾಲಮ್ಮ ಅವಳನ್ನು ದೊಡ್ಡಾಸ್ಪತ್ರೆಗೆ ತೋರಿಸಿಕೊಂಡು ಬಂದು, “ಇದಕ್ಕೊಂದು ಹೆಸ್ರೈತಂತೆ ಕಣಕ್ಕ, ಆಟಿಸಂ ಅಂತ” ಎಂದಾಗ ಗೌರಕ್ಕ, “ಹೆಸ್ರು ಐತಲ್ಲ, ಬಿಡು ಮತ್ತೆ. ನಾನೆಲ್ಲೋ ಹೆಸ್ರಿಲ್ಲದ್ದು ಅಂದ್ಕೊಂಡಿದ್ದೆ” ಎಂದು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಊರೂ ಹಾಗೆಯೇ ಒಗ್ಗಿಕೊಂಡಿತು. ಕ್ರಮೇಣ ಮಾತು ಕಳೆದುಕೊಂಡದ್ದೇ ಒಂದು ಹೆಮ್ಮೆಯಾಯಿತು. ಗಿರಣಿಯ ಬೆಂಚಿನ ಮೇಲೆ ಕಾಯುತ್ತ ಕೂತವರು “ನಿಂದ್ಯಾವ್ದು ಹೋಯ್ತು?” “ನಂದು ಎರಡು ಹೋಗ್ಯವೆ” ಎಂದು ಮೀಸೆ ತಿರುವುವರು.

ನನ್ನದು ಒಂದೂ ಹೋಗಿರಲಿಲ್ಲ.

ಇದು ನನಗೆ ಎಷ್ಟು ಚುಚ್ಚುತ್ತಿತ್ತೆಂದರೆ, ವಾರಕ್ಕೆ ಹಲವು ಬಾರಿ ಒಂದೊಂದು ಪಾವು ರಾಗಿ ಹಿಡಿದು ಗಿರಣಿಗೆ ಹೋಗತೊಡಗಿದೆ. ಅನಸೂಯಳ ಎದುರು ನಿಂತು, ನನ್ನ ಆಯ್ದ ವಾಕ್ಯಗಳನ್ನು ನಿಧಾನವಾಗಿ, ಏರಿಳಿತ ಸಮೇತ ಹೇಳುತ್ತಿದ್ದೆ: “ಜ್ಞಾನವೆಂಬುದು ಬತ್ತದ ತೊರೆ.” ಅವಳು ನನ್ನನ್ನು ನೋಡುತ್ತಿರಲಿಲ್ಲ, ತಿರುಗುವ ಬೆಲ್ಟನ್ನು ನೋಡುತ್ತಿದ್ದಳು. ನಾನು ಮತ್ತೆ ಹೇಳುತ್ತಿದ್ದೆ. ಹಾಲಮ್ಮ ಒಮ್ಮೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, “ಆರಾಧ್ಯರೇ, ಮನೇಲಿ ಯಾರೂ ಮಾತಾಡ್ಸಲ್ವಾ?” ಎಂದು ಬಹಳ ಕನಿಕರದಿಂದ ಕೇಳಿದಳು.

ಸಿಗದ ಮರ್ಯಾದೆಯನ್ನು ಹೀಗಳೆಯುವುದು ಓದಿದವರಿಗೆ ಸುಲಭ. ನಾನು ಎಲ್ಲಿಂದಲೋ ಒಂದು ದಪ್ಪ ಪುಸ್ತಕ ತರಿಸಿ, ಮೊದಲರ್ಧ ಓದಿ, ವಾಚನಾಲಯದಲ್ಲಿ ಉಪನ್ಯಾಸ ಇಟ್ಟುಕೊಂಡೆ. ಅನಸೂಯಳಂಥವರು ಆಡುವುದು ಮಾತಲ್ಲ, ಗೋಡೆಗೆ ಬಡಿದು ಬಂದ ಸದ್ದು, ಅದರಲ್ಲಿ ಅರ್ಥ ಹುಡುಕುವುದು ನಮ್ಮ ಭಾವುಕತೆ ಎಂದು ಪ್ರತಿಪಾದಿಸಿದೆ. ಅಂಥವರು ಬಳಸಿದ ಮಾತಿಗೆ ಅವರದೇ ಅರ್ಥವಿರುತ್ತದೆ ಎಂದು ಪುಸ್ತಕದ ಎರಡನೆಯ ಅರ್ಧದಲ್ಲಿತ್ತಂತೆ. ಆಮೇಲೆ ಗೊತ್ತಾಯಿತು.

ತಾಯಿ ಮಗಳು ಆ ಉಪನ್ಯಾಸಕ್ಕೂ ಬಂದಿದ್ದರು. ನನ್ನ ಯಾವ ಭಾಷಣವನ್ನೂ ಅವರು ತಪ್ಪಿಸಿದವರಲ್ಲ. ಯಾವಾಗಲೂ ಮೂರನೆಯ ಸಾಲು, ಗೋಡೆಯ ಪಕ್ಕ. ಹಾಲಮ್ಮ ಮಗಳ ಎಡಭುಜಕ್ಕೆ ತಲೆಯಾನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕಣ್ಣು ಮುಚ್ಚಿ ಕೇಳುವವರು ಸಂಗೀತಗಾರರಿಗೆ ಸಿಗುತ್ತಾರೆ, ಭಾಷಣಕಾರನಿಗೆ ಸಿಗುವುದು ಅಪರೂಪ. ಈ ಹೆಣ್ಣುಮಗಳು ಓದಿದವಳಲ್ಲದಿದ್ದರೂ ಎಂಥ ರಸಿಕೆ ಎಂದು ನನ್ನ ಎದೆ ತುಂಬುತ್ತಿತ್ತು. ಮುಗಿದಾಗ ಅವಳು ಬೆಚ್ಚಿದಂತೆ ಕಣ್ಣು ತೆರೆದು, “ಆಗ್ಲೇ ಮುಗೀತಾ ಆರಾಧ್ಯರೇ?” ಎನ್ನುತ್ತಿದ್ದಳು. ನನಗೆ ಯಾರೂ ಅಂಥ ಪ್ರಶಂಸೆ ಕೊಟ್ಟಿರಲಿಲ್ಲ. ಅದರಿಂದಾಗಿ ನನ್ನ ಭಾಷಣಗಳು ಇನ್ನಷ್ಟು ಬೆಳೆದವು. ಊರು ಅನುಭವಿಸಿತು.

ಹೀಗಿರುವಾಗ ಹಾಲಮ್ಮ ಹೋಗಿಬಿಟ್ಟಳು. ಬೆಳಗ್ಗೆ ಗಿರಣಿಯ ಬೆಂಚಿನ ಮೇಲೆ ಕೂತವಳು ಮಗಳ ಭುಜಕ್ಕೆ ಒರಗಿದಳು, ಮತ್ತೆ ಏಳಲಿಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಲು ನಿಂತೆ. ಜನನ, ಬಾಲ್ಯ, ಗಿರಣಿಯ ಇತಿಹಾಸ, ರಾಗಿಯ ಪೌಷ್ಟಿಕಾಂಶ ಎಲ್ಲ ಮುಗಿಸಿ ನನ್ನ ಎಂದಿನ ತಿರುವಿಗೆ ಬಂದೆ. ಭಾಷಣಕಾರನಿಗೆ ಆ ತಿರುವಿನಲ್ಲಿ ಒಂದು ವಾಕ್ಯ ಬೇಕು, ಅದರ ಮೇಲೆ ಕಾಲಿಟ್ಟು ಆಚೆ ದಾಟಲು. ಬಾಯಿ ತೆರೆದೆ. ಗಾಳಿ. ಮತ್ತೆ ತೆರೆದೆ. ಗಾಳಿ. ಯಾವ ವಾಕ್ಯ ಬೇಕಿತ್ತೆಂದು ಗೊತ್ತು, ಅದರ ತೂಕವೂ ನಾಲಿಗೆಗೆ ಗೊತ್ತು, ವಾಕ್ಯವೇ ಇಲ್ಲ. ಏನು ಮಾಡಲೂ ತೋಚದೆ ಕೈಮುಗಿದು ಕೂತುಬಿಟ್ಟೆ. ಸಭೆ ಮುಗಿದ ಮೇಲೆ ಜನ ಸಾಲಾಗಿ ಬಂದು ನನ್ನ ಕೈ ಹಿಡಿದುಕೊಂಡರು. “ಎಷ್ಟ್ ಚೆನ್ನಾಗಿ ಮಾತಾಡಿದ್ರಿ ಆರಾಧ್ಯರೇ!” ಅಂಜನಪ್ಪನ ಕಣ್ಣಲ್ಲಿ ನೀರಿತ್ತು. “ಇಂಥಾ ಭಾಷಣ ನಿಮ್ಮಿಂದ ಕೇಳ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ. ಇನ್ನೂ ಬೆಳಕೈತೆ ನೋಡಿ.”

ನನ್ನ ವಾಕ್ಯ ಕದ್ದವರನ್ನು ಹುಡುಕಲು ಹೊರಟೆ. ಶಾಲೆಯ ನಾಟಕದ ಮಕ್ಕಳನ್ನು ವಿಚಾರಿಸಿದೆ, ಹೊಸದಾಗಿ ಕಟ್ಟಿಸಿದ ಹಲ್ಲಿನ ಮೇಲೆ ಅನುಮಾನಪಟ್ಟೆ. ಗೋಡೆಗೆ ಬಡಿದ ಸದ್ದೆಂದು ನಾನೇ ಸಾರಿದ ಕಡೆಗೆ ಮಾತ್ರ ತಿರುಗಿ ನೋಡಲಿಲ್ಲ.

ಇತ್ತ ಅನಸೂಯ ಗಿರಣಿ ನಡೆಸುತ್ತಿದ್ದಳು. ಆ ಕೆಲಸ ಅವಳಿಗೆ ಚಿಕ್ಕಂದಿನಿಂದ ಬರುತ್ತಿತ್ತು. ಗೌರಕ್ಕನ ಮನೆಯಿಂದ ಊಟ ಹೋಗುತ್ತಿತ್ತು. ಆಗಾಗ ಗಿರಣಿಯೊಳಗಿಂದ ಹಾಲಮ್ಮನ ದನಿಯಲ್ಲಿ “ಬಂದೆ ಇರವ್ವಾ, ಬಂದೆ” ಎಂದು ಕೇಳಿಬರುತ್ತಿತ್ತು. ದಾರಿಯಲ್ಲಿ ಹೋಗುವವರು ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದರು. ಹೀಗೆಯೇ ನಡೆಯಬಹುದು ಎಂದುಕೊಂಡಿದ್ದೆವು. ಅಷ್ಟರಲ್ಲಿ ಸುದ್ದಿ ಹೇಗೋ ಜಿಲ್ಲಾಕೇಂದ್ರ ಮುಟ್ಟಿ, ನೋಡಿಕೊಳ್ಳುವವರಿಲ್ಲದ, ಮಾತು ಬಾರದ ಹೆಣ್ಣುಮಗಳೊಬ್ಬಳಿದ್ದಾಳೆ, ಅವಳನ್ನು ಆಶ್ರಯಧಾಮಕ್ಕೆ ಸೇರಿಸಬೇಕು ಎಂದು ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಹೆಸರು ಜಯಶೀಲಾ. ಕೆಟ್ಟವರೇನಲ್ಲ. ನೀರು ಕೊಟ್ಟರೆ ಕುಡಿದರು, ಬಿಸಿಲಿಗೆ ಒಣಗಿದ ಮುಖದಲ್ಲಿ ನಗಲೂ ನೋಡಿದರು.

ಊರೆಲ್ಲ ಗಿರಣಿಯ ಮುಂದೆ ಸೇರಿತ್ತು. ಅನಸೂಯ ಬೆಲ್ಟಿನ ಕಡೆ ನೋಡುತ್ತ ನಿಂತಿದ್ದವಳು, ಇದ್ದಕ್ಕಿದ್ದಂತೆ ಬೀದಿಯೆಲ್ಲ ಕೇಳುವಂತೆ, “ನಿಮ್ಮನೆ ನೀರು ನಮ್ಮನೆ ಮುಂದೆ ಯಾಕ್ರೀ ಹರೀಬೇಕು?” ಎಂದಳು. ಮೇಡಂ ಹಿಂದೆ ಸರಿದು ತಮ್ಮ ಕಾಲ ಬಳಿ ನೀರು ಹುಡುಕಿದರು.

“ಹೆದರ್ಕೋಬ್ಯಾಡಿ ಮೇಡಮ್ಮೋರೇ, ಅದು ನಂದು,” ಎಂದು ಗೌರಕ್ಕ ಮುಂದೆ ಬಂದಳು. “ನೀವು ಅವ್ಳಿಗೆ ಹಿಡ್ಸಿದೀರಿ ಅಂತ ಅರ್ಥ.”

“ಹಿಡಿಸಿದ್ರೆ ಹೀಗೆ ಜಗಳ ಆಡ್ತಾರಾ?”

“ಜಗಳ ಆಡಿದ್ದು ನಾನು. ಆಡಿ ಮುಗ್ದ ಮ್ಯಾಲೆ ಕೂಸು ಬೆದರಿತ್ತು ಅಂತ ಒಂದು ಕೋಡುಬಳೆ ಕೊಟ್ಟೆ. ಅವ್ಳು ಕೋಡುಬಳೇನ ನೆನಪಿಟ್ಕೊಂಡ್ಳು, ಜಗಳಾನ ಬಿಟ್ಲು. ಇಷ್ಟ ಆದೋರಿಗೆಲ್ಲ ಹಂಗೇ ಅಂತಾಳೆ.”

ನಾನು ಅತ್ತ ತಿರುಗಿ ನೋಡಿದೆ. ಗೌರಕ್ಕನಿಗೆ ಇದು ಎಂದಿನಿಂದ ಗೊತ್ತಿತ್ತು? ಸುತ್ತಲಿನ ಮುಖಗಳನ್ನು ನೋಡಿದರೆ ಎಲ್ಲರಿಗೂ ಗೊತ್ತಿದ್ದ ಹಾಗಿತ್ತು. ರಸೂಲ್ ಸಾಬರು ಮೆಲ್ಲಗೆ, “ನನ್ನ ‘ಒಳಗೆ ಜಾಗ ಐತೆ’ ಅಂದ್ರೆ ಹಸಿವು ಅಂತ. ಬಸ್ಸಲ್ಲಿ ಅವರಮ್ಮ ಸೌತೇಕಾಯಿ ಕೊಡಿಸ್ತಿದ್ರು” ಎಂದರು. ಉಪನ್ಯಾಸದ ದಿನ ಇವರೆಲ್ಲ ಯಾಕೆ ಸುಮ್ಮನಿದ್ದರು ಎಂದು ಕೇಳಬೇಕೆನಿಸಿತು. ಅವತ್ತು ನಡುವೆ ಮಾತಾಡಲು ಯಾರಿಗೂ ಜಾಗವಿರಲಿಲ್ಲ ಎಂಬುದೂ ನೆನಪಾಯಿತು.

ಮೇಡಂ ಗಂಟಲು ಸರಿಮಾಡಿಕೊಂಡರು. “ನೋಡಿ, ನೀವೆಲ್ಲ ಒಳ್ಳೆಯವರೇ. ಆದ್ರೆ ಅವರು ಇಲ್ಲಿರೋಕೆ ಬಿಡಬೇಕು ಅಂದ್ರೆ ಇಲ್ಲೇ ಇರ್ತೀನಿ ಅಂತ ಅವರೇ ಹೇಳ್ಬೇಕು. ಸ್ವಂತ ಮಾತಲ್ಲಿ. ಪಕ್ಕದವರು ಹೇಳಿದ್ರೆ, ನಿಯಮದ ಪ್ರಕಾರ ಹಾಗೆ ಬರೋದಿಲ್ಲ.”

ಸ್ವಂತ ಮಾತು ಎಂದಾಗ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ನಾನೂ ನೆಲ ನೋಡಿದೆ. ಆ ಬೆಳಗ್ಗೆ ಹೆಂಡತಿಗೆ ನಾನು ಆಡಿದ ಗದರಿಕೆ ನನ್ನ ತಾತನದು.

ಮೇಡಂ ಅವಳ ಹತ್ತಿರ ಹೋಗಿ ಬಗ್ಗಿದರು. “ಅನಸೂಯಾ, ನಮ್ಮ ಜೊತೆ ಬರ್ತೀಯಾ, ಇಲ್ಲೇ ಇರ್ತೀಯಾ?”

ಅನಸೂಯಳ ಕಣ್ಣು ಬೆಲ್ಟಿನ ಮೇಲೇ ಇತ್ತು. ಮೇಡಂ ಮತ್ತೆ ಬಾಯಿ ತೆರೆದರು. ಗೌರಕ್ಕ ಅಂಗೈ ಅಡ್ಡ ಹಿಡಿದಳು. “ಒಂದೀಟು ತಡೀರಿ. ಒಳಗೆ ಹುಡುಕ್ತಾವ್ಳೆ. ನಡುವೆ ಮಾತಾಡಿದ್ರೆ ಮತ್ತೆ ಮೊದ್ಲಿಂದ ಹುಡುಕ್ಬೇಕು.”

ಕಾದೆವು. ಬಿಸಿಲು ಬೆಂಚಿನ ಒಂದು ಕಾಲಿನಿಂದ ಇನ್ನೊಂದು ಕಾಲಿನ ಕಡೆಗೆ ಹೊರಟಿತ್ತು. ಆಗ ಅನಸೂಯ ಬೆರಳಿನಿಂದ ಗಾಳಿಯನ್ನು ಎರಡು ಬಾರಿ ತಟ್ಟಿದಳು, ಮೈಕು ತಟ್ಟಿದ ಹಾಗೆ. ಸಣ್ಣಗೆ ಕೆಮ್ಮಿದಳು. ಆಮೇಲೆ ನನ್ನ ದನಿಯಲ್ಲಿ, ನನ್ನ ಎಳೆತದಲ್ಲಿ, ನನಗಿಂತ ಸ್ಪಷ್ಟವಾಗಿ ಹೇಳಿದಳು:

“ಇನ್ನು ನಾನು ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ.”

ನನಗೆ ಮೊದಲು ಬಂದದ್ದು ಆನಂದ. ಕೊನೆಗೂ ನನ್ನದೊಂದನ್ನು ತೆಗೆದುಕೊಂಡಿದ್ದಾಳೆ! ಅದರ ಹಿಂದೆಯೇ ಬಂದದ್ದು ಅಸಮಾಧಾನ. ಬತ್ತದ ತೊರೆಯಂಥದ್ದನ್ನೆಲ್ಲ ಬಿಟ್ಟು ಇದನ್ನೇ? ಇಷ್ಟರಲ್ಲಿ ಮೇಡಂ ನಿಟ್ಟುಸಿರಿಟ್ಟು ನೆಟ್ಟಗಾದರು. “ಸರಿಯಮ್ಮ. ಹೊರಡೋಕೆ ಒಪ್ಪಿದ ಹಾಗಾಯ್ತು. ಬಟ್ಟೆಬರೆ ಜೋಡಿಸ್ಕೋ, ಆತುರ ಇಲ್ಲ” ಎಂದು ಜೀಪಿನ ಕಡೆ ಸನ್ನೆ ಮಾಡಿದರು.

ಗೌರಕ್ಕ ನನ್ನ ತೋಳು ಹಿಡಿದಳು. “ಆರಾಧ್ಯರೇ, ಅದು ನಿಮ್ದಲ್ವಾ?”

“ನನ್ನದೇ.”

“ಹಂಗಂದ್ರೆ ಏನು?”

“ಹಾಗಂದ್ರೆ... ಬೇಗ ಮುಗಿಸ್ತೀನಿ ಅಂತ.”

ಅವಳ ಮುಖ ಇಳಿದುಹೋಯಿತು. “ನಾವೂ ಹಂಗೇ ಅಂದ್ಕೊಂಡ್ವಿ. ಹಾಲಮ್ಮನ್ನ ಎತ್ತಕ್ಕೆ ಬಂದಾಗ, ನೀವಿನ್ನೂ ಬಂದಿರ್ಲಿಲ್ಲ, ಇದನ್ನೇ ಅಂದ್ಲು. ಒಂದ್ಸಲ ಅಲ್ಲ, ಮತ್ತೆ ಮತ್ತೆ. ಪಾಪ, ನೋಡಕ್ಕಾಗ್ದೆ ಬೇಗ ಮುಗ್ಸಿ ಅಂತಾವ್ಳೆ ಅಂತ ನಾನೇ ಅವಸರ ಮಾಡಿ ಎತ್ತಿಸ್ದೆ.”

“ಬೇಗ ಮುಗಿಸ್ತೀನಿ ಅಂತಾನಾ?” ಹಿಂದಿನಿಂದ ಅಂಜನಪ್ಪ ಎಂದ. “ಯಾವತ್ತು ಮುಗಿಸಿದೀರಿ ಆರಾಧ್ಯರೇ?”

ಜನ ನಕ್ಕರು. ನಗು ಅರ್ಧದಲ್ಲೇ ನಿಂತಿತು. ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಗೌರಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಆ ವಾಕ್ಯ ಹೇಳಿದ ಮೇಲೆ ಏನಾಗುತ್ತಿತ್ತೆಂಬುದು ಊರಿಗೆಲ್ಲ ಗೊತ್ತು. ಅದನ್ನು ಹೊರಗಿನವರ ಮುಂದೆ ಹೇಳಬೇಕಾದವನು ಮಾತಿನ ಯಜಮಾನ, ಅಂದರೆ ನಾನು. ಮೇಡಂ ಜೀ‌ಪಿನ ಬಾಗಿಲು ತೆರೆಯುತ್ತಿದ್ದರು. ನಾನು ಮುಂದೆ ಬಂದು ಶಾಲು ಸರಿಮಾಡಿಕೊಂಡೆ. “ಮಾನ್ಯ ಅಧಿಕಾರಿಗಳೇ, ಭಾಷೆಯೆಂಬುದು ಮಾನವಕುಲದ...”

“ಆರಾಧ್ಯರೇ,” ಎಂದ ಅಂಜನಪ್ಪ. ಅಷ್ಟೇ ಎಂದ. ಆದರೆ ಕೈಯಲ್ಲಿ ಕತ್ತರಿ ಇದ್ದವನ ಹಾಗೆ ಎಂದ.

“ಮೇಡಂ,” ಎಂದೆ, “ಆ ಮಾತು ನನ್ನದು. ಊರಿನ ಎಲ್ಲ ಸಭೆಗಳಲ್ಲೂ ಹೇಳಿದ್ದೀನಿ. ಒಂದು ಸಲವೂ ಅದು ನಿಜವಾಗಿಲ್ಲ. ಅದು ಹೇಳಿದ ಮೇಲೆಯೇ ನನ್ನ ಭಾಷಣ ಶುರುವಾಗೋದು. ಮತ್ತೆ ಯಾರೂ ಏಳೋ ಹಾಗಿಲ್ಲ. ಇದ್ದವರು ಇದ್ದಲ್ಲೇ ಇರಬೇಕು, ಬಹಳ ಹೊತ್ತು. ಅವಳು ನಿಮಗೆ ಹೇಳಿದ್ದು ಅದನ್ನೇ. ಇಲ್ಲಿಂದ ಏಳೋದಿಲ್ಲ ಅಂತ.”

ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಮಗೆ ಅನುಕೂಲ ಆಗೋ ಹಾಗೆ ಅರ್ಥ ಹೇಳ್ತಿಲ್ಲ ಅಂತ ಹೇಗೆ ನಂಬಲಿ? ಇದಕ್ಕೆ ಯಾರಾದ್ರೂ ಸಾಕ್ಷಿ...”

ಪಾಪ, ಸಾಕ್ಷಿ ಕೇಳಿಬಿಟ್ಟರು. ಊರು ಒಂದೇ ಬಾರಿಗೆ ಬಾಯಿಬಿಟ್ಟಿತು. ನನ್ನ ಭಾಷಣದಿಂದಾಗಿ ಕೊನೆಯ ಬಸ್ಸು ಎಷ್ಟು ಸಲ ಖಾಲಿ ಹೊರಟಿತೆಂದು ರಸೂಲ್ ಸಾಬರು ಹೇಳಿದರು. ತನ್ನ ಮದುವೆಯಲ್ಲಿ ನಾನು ಆಶೀರ್ವಚನ ಮುಗಿಸುವಷ್ಟರಲ್ಲಿ ಪಾಯಸ ಕಲ್ಲಾಗಿ, ಚಾಕುವಿನಿಂದ ಕೊಯ್ದು ಬಡಿಸಿದರೆಂದು ಅಂಜನಪ್ಪ ಹೇಳಿದ. ತಿಮ್ಮೇಗೌಡ ಎಮ್ಮೆಯ ಕಥೆ ಹೇಳಿದ, ಅದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಇಷ್ಟು ವರ್ಷ ಸಾಕಿಕೊಂಡಿದ್ದನ್ನೆಲ್ಲ ಒಂದು ಒಳ್ಳೆಯ ಕೆಲಸಕ್ಕಾಗಿ ಹೊರಹಾಕುವ ಅವಕಾಶ ಅವರಿಗೆ ಸಿಕ್ಕಿತ್ತು, ಯಾರೂ ಕೈಬಿಡಲಿಲ್ಲ. ನಾನು ತಲೆದೂಗುತ್ತ ಎಲ್ಲವನ್ನೂ ದೃಢೀಕರಿಸಿದೆ. ನನ್ನ ಬಗ್ಗೆ ಅಷ್ಟು ಸುದೀರ್ಘವಾದ ಅಭಿನಂದನಾ ಸಭೆ ಹಿಂದೆ ನಡೆದಿರಲಿಲ್ಲ.

ಮೇಡಂ ಜೀ‌ಪು ಬಿಟ್ಟು ಅನಸೂಯಳ ಬಳಿ ಬಂದು ಅವಳ ಕೈ ಹಿಡಿದರು. ಅವಳು ಕಲ್ಲಾದಳು. “ಅಲ್ಲಾಡ್ಬೇಡ, ಕಿವಿ ಹೋದಾತು!”

“ಮುಟ್ಬ್ಯಾಡಿ ಮೇಡಮ್ಮೋರೇ,” ಎಂದ ಅಂಜನಪ್ಪ. “ಅದು ನಂದು. ಭಯ ಆಗೈತೆ ಅವ್ಳಿಗೆ.”

ಮೇಡಂ ಕೈ ಬಿಟ್ಟರು. ಏನು ಮಾಡುವುದೆಂದು ತಿಳಿಯದೆ ಗಿರಣಿಯ ಬೆಂಚಿನ ಒಂದು ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅನಸೂಯಳೂ ಬಂದು ಕೂತಳು. ಗಾಳಿ ತಟ್ಟಿದಳು, ಕೆಮ್ಮಿದಳು. “ಇನ್ನು ನಾನು ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ.” ಹೇಳಿ, ಎಡಭುಜವನ್ನು ಸ್ವಲ್ಪ ಕೆಳಗಿಳಿಸಿ, ಹಾಗೆಯೇ ಹಿಡಿದು ಕೂತಳು. ಆ ಭುಜದ ಮೇಲೆ ಏನೂ ಇರಲಿಲ್ಲ.

“ಹಾಲಮ್ಮ ಅಲ್ಲೇ ಮಲಗ್ತಿದ್ದಿದ್ದು,” ಎಂದಳು ಗೌರಕ್ಕ. “ದಿನಾ ಹೊತ್ತು ಹುಟ್ಟಕ್ ಮುಂಚೆ ಎದ್ದು ಗಿರಣಿ. ಕೂರಕ್ಕೆ ಪುರುಸೊತ್ತಿಲ್ಲ. ಆರಾಧ್ಯರ ಭಾಷಣ ಇದ್ದಾಗ ಮಾತ್ರ ನಿದ್ದೆ. ‘ಅವ್ರು ಆ ಮಾತು ಅಂದ್ರು ಅಂದ್ರೆ ಧೈರ್ಯವಾಗಿ ಕಣ್ಮುಚ್ಬೋದು ಕಣಕ್ಕ, ಯಾರೂ ಎಬ್ಸಲ್ಲ’ ಅಂತಿದ್ಲು.”

ಮೂರನೆಯ ಸಾಲಿನ ನನ್ನ ರಸಿಕೆ. ಆಗ್ಲೇ ಮುಗೀತಾ ಆರಾಧ್ಯರೇ. ನಾನು ಗಿರಣಿಯ ಬೆಲ್ಟನ್ನು ನೋಡಿದೆ. ಕಷ್ಟದಲ್ಲಿ ನೋಡಲು ಅದು ನಿಜಕ್ಕೂ ಒಳ್ಳೆಯ ವಸ್ತು.

ಮೇಡಂ ಆ ಇಳಿದ ಭುಜವನ್ನು ಬಹಳ ಹೊತ್ತು ನೋಡಿ ಎದ್ದರು. ಮುಖ ಬಿಗಿಮಾಡಿಕೊಂಡು ನಮ್ಮ ಕಡೆ ತಿರುಗಿ ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೆ ತೆರೆದರು. ಹಿಂದಿನಿಂದ ಅನಸೂಯ ಅವರದೇ ದನಿಯಲ್ಲಿ, ಬೆಲ್ಟಿನ ಕಡೆ ನೋಡುತ್ತ, “ನಿಯಮದ ಪ್ರಕಾರ ಹಾಗೆ ಬರೋದಿಲ್ಲ” ಎಂದಳು. ಮೇಡಂ ಗಂಟಲು ಮುಟ್ಟಿಕೊಂಡರು. ಆಮೇಲೆ ನಕ್ಕರು, ಈ ಬಾರಿ ನಿಜವಾಗಿ.

“ಸ್ವಂತ ಮಾತಲ್ಲೇ ಹೇಳಿದ್ರು ಅಂತ ಬರೀತೀನಿ,” ಎಂದರು. “ಯಾರ ಸ್ವಂತ ಅಂತ ಅಲ್ಲಿ ಯಾರೂ ಕೇಳಲ್ಲ. ಗೌರಮ್ಮ, ಊಟ ತಪ್ಪಿಸ್ಬೇಡಿ. ನಾನು ಬಂದು ನೋಡ್ತಿರ್ತೀನಿ.”

“ನಿಮ್ಮನೆ ನೀರು ನಮ್ಮನೆ ಮುಂದೆ ಯಾಕ್ರೀ ಹರೀಬೇಕು?” ಎಂದಳು ಅನಸೂಯ.

“ನಂಗೂ ಅಷ್ಟೇ ಕಣಮ್ಮ,” ಎಂದರು ಮೇಡಂ. ಜೀಪು ಅವರೊಬ್ಬರನ್ನೇ ಹೊತ್ತು ಹೋಯಿತು. ತಮ್ಮ ಮಾತನ್ನು ಅವರು ವಾಪಸು ಕೇಳಲೇ ಇಲ್ಲ. ಅದಿಲ್ಲದೆ ಅವರ ಕಚೇರಿಯಲ್ಲಿ ಎಷ್ಟೋ ಜನರ ಕೆಲಸ ಸುಲಭವಾಗಿದೆಯಂತೆ. ಇಲ್ಲಿ ಅನಸೂಯ ಅದನ್ನು, ಸರಿಯಾಗಿ ಒಣಗಿಸದ ಕಾಳು ತಂದವರಿಗೆ ಹೇಳುತ್ತಾಳೆ.

ನನ್ನ ವಾಕ್ಯವನ್ನೂ ನಾನು ಕೇಳಲಿಲ್ಲ. ನಾನು ಕೇಳಿದರೂ ಅವಳು ಕೊಡಬಾರದೆಂದು ಊರವರು ಮುಂಚಿತವಾಗಿಯೇ ಗಿರಣಿಗೆ ಬೆಲ್ಲ ಹೊತ್ತರು. ಮಾತು ಹಿಂದಿರುಗಿಸದಿರುವುದಕ್ಕೆ ಬೆಲ್ಲ ಕೊಟ್ಟದ್ದು ನಮ್ಮೂರಿನಲ್ಲಿ ಅದೇ ಮೊದಲು. ತಿಮ್ಮೇಗೌಡನ ಅಚ್ಚು ಎಲ್ಲಕ್ಕಿಂತ ದೊಡ್ಡದಿತ್ತು.

ಮೊನ್ನೆ ವಾಚನಾಲಯದ ವಾರ್ಷಿಕೋತ್ಸವ. ನನ್ನ ಭಾಷಣಕ್ಕೆ ಹಿಂದೆಂದೂ ಸೇರದಷ್ಟು ಜನ ಸೇರಿದ್ದರು, ಬೇಗ ಮುಗಿಯುತ್ತದೆಂಬ ಖ್ಯಾತಿ ಹಬ್ಬಿತ್ತು. ಮಾತಾಡುತ್ತ ಆ ತಿರುವಿಗೆ ಬಂದೆ. ಅಭ್ಯಾಸಬಲ, ಬಾಯಿ ತೆರೆದೆ. ಗಾಳಿ. ಜನ ಸಂತೋಷದಿಂದ ಕುರ್ಚಿಗಳ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕತೊಡಗಿದರು.

ಮೂರನೆಯ ಸಾಲಿನಲ್ಲಿ, ಗೋಡೆಯ ಪಕ್ಕ, ಯಾರೋ ಗಾಳಿಯನ್ನು ಎರಡು ಬಾರಿ ತಟ್ಟಿದರು. ಸಣ್ಣ ಕೆಮ್ಮು. ಆಮೇಲೆ ನನ್ನದೇ ದನಿ: “ಇನ್ನು ನಾನು ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ.”

“ಅಯ್ಯೋ ನಮ್ಮವ್ವಾ!” ಎಂದ ಅಂಜನಪ್ಪ. “ಬೆಲ್ಲ ತಿಂದು ಹಿಂಗ್ ಮಾಡ್ತಾರಾ?”

ಜನ ಗೊಣಗುತ್ತ ಒಬ್ಬೊಬ್ಬರೇ ಜಾರಿಕೊಂಡರು. ಅನಸೂಯ ಏಳಲಿಲ್ಲ. ಅವಳ ಎಡಗಡೆಯ ಕುರ್ಚಿ ಖಾಲಿಯಿತ್ತು. ಆ ಕಡೆಯ ಭುಜವನ್ನು ಕೆಳಗಿಳಿಸಿ, ಹದವಾಗಿ ಕೂತು, ನನ್ನ ಕಡೆಗಲ್ಲ, ಮೇಲೆ ತಿರುಗುವ ಫ್ಯಾನಿನ ಕಡೆ ನೋಡುತ್ತ ಕಾದಳು.

ನಾನು ಮೈಕನ್ನು ಪಕ್ಕಕ್ಕೆ ಸರಿಸಿದೆ. ದನಿ ತಗ್ಗಿಸಿ, ಯಾರಿಗೂ ಎಚ್ಚರವಾಗದ ಹಾಗೆ, ಮುಂದುವರಿಸಿದೆ.